ಉದ್ದಣ್ಣನ ಸರದಿ

ನಮ್ಮಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ಅದನ್ನು ಬಳಸುತ್ತಿದ್ದದ್ದು ಕರೆಂಟ್ ಬಿಲ್ಲಿನವರು ಮಾತ್ರ. ಉಳಿದವರಿಗೆಲ್ಲ ಅವನು ಟೇಪಣ್ಣ. ಬೀದಿ ತಿರುವಿನಲ್ಲಿ ಅವನ ರೇಡಿಯೋ ರಿಪೇರಿ ಅಂಗಡಿ, ಅಂಗಡಿಯ ಮೇಲೆ ನಾವಿಬ್ಬರು ಇರುವ ಎರಡು ಕೋಣೆ. ನಾನು ಒಂದೇ ಕಚೇರಿಯಲ್ಲಿ ಮೂವತ್ತೊಂದು ವರ್ಷ ಟೈಪ್ ಮಾಡಿ ನಿವೃತ್ತಳಾದವಳು. ಅವನಿಗೂ ಮದುವೆಯಾಗಲಿಲ್ಲ, ನನಗೂ ಆಗಲಿಲ್ಲ. ಯಾರಾದರೂ ಕೆದಕಿದರೆ, "ಅವನಿಗೆ ಟೇಪ್ ರೆಕಾರ್ಡರ್ ಜೊತೆ ಆಗಿದೆ, ನಾನು ಅದರ ನಾದಿನಿ" ಅನ್ನುತ್ತಿದ್ದೆ.

ಅಣ್ಣನ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದು ಅಂತ ಇದ್ದರೆ ಅದು ಒಂದು ಜಾಜ್ ತಂಡದ ಹಿಂದೆ ಸುತ್ತಿದ ಹನ್ನೊಂದು ವರ್ಷ. ಐದು ಜನರ ತಂಡ. ಟ್ರಂಪೆಟ್ ಊದುವವರು ಬ್ಯಾಂಕಿನ ಗುಮಾಸ್ತರು, ಸ್ಯಾಕ್ಸೋಫೋನಿನವರದು ಔಷಧಿ ಅಂಗಡಿ, ಪಿಯಾನೋದವರು ಶಾಲೆಯ ಲೆಕ್ಕದ ಮೇಷ್ಟ್ರು. ಡ್ರಮ್ ಬಾರಿಸುವವರು ಯಾರದೋ ಮನೆಯ ಅಳಿಯ, ಅದೇ ಅವರ ಉದ್ಯೋಗ. ಐದನೆಯವನು ಬಡಗಿ. ಬಾಗಿಲು ಕಿಟಕಿ ಮಾಡುತ್ತಿದ್ದ, ತಾನು ಮಾಡಿದ ಬಾಗಿಲಿನಲ್ಲೇ ತಲೆ ಬಗ್ಗಿಸಿ ಹೋಗಬೇಕಾದಷ್ಟು ಉದ್ದ. ಅವನಷ್ಟೇ ಎತ್ತರದ, ದಪ್ಪ ತಂತಿಯ ದೈತ್ಯ ಪಿಟೀಲಿನಂಥ ಡಬಲ್ ಬೇಸ್ ಅವನ ವಾದ್ಯ. ಅವನನ್ನು ಎಲ್ಲರೂ ಉದ್ದಣ್ಣ ಅನ್ನುತ್ತಿದ್ದರು.

ಜಾಜ್ ಅಂದರೆ ಏನು ಅಂತ ಅಣ್ಣ ನನಗೆ ನೂರು ಸಲ ಹೇಳಿದ್ದಾನೆ. ಮೊದಲು ಎಲ್ಲರೂ ಸೇರಿ ಹಾಡನ್ನು ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರಿಗೂ ಒಂದು ಸರದಿ. ಆ ಸರದಿಯಲ್ಲಿ ಅವರಿಗೆ ಆ ಗಳಿಗೆಗೆ ಏನು ತೋಚುತ್ತದೋ ಅದನ್ನು ನುಡಿಸಬಹುದು. ಇವತ್ತು ನುಡಿಸಿದ್ದು ನಾಳೆ ಬರುವುದಿಲ್ಲ. ಬಾರದೆ ಹೋಗುವ ಸಂಗೀತವನ್ನೆಲ್ಲ ಹಿಡಿದಿಡುವುದು ತನ್ನ ಕರ್ತವ್ಯ ಅಂತ ಅಣ್ಣ ತಲೆಗೆ ಹಚ್ಚಿಕೊಂಡ. ಯಾರೂ ಹೇಳಿರಲಿಲ್ಲ. ಕಾರ್ಯಕ್ರಮವಿದ್ದ ಶನಿವಾರಗಳಲ್ಲೆಲ್ಲ ಅಂಗಡಿಗೆ ಬೀಗ ಜಡಿದು, ಟೇಪ್ ರೆಕಾರ್ಡರನ್ನು ತೊಟ್ಟಿಲ ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂಡದ ವ್ಯಾನ್ ಹತ್ತುತ್ತಿದ್ದ. ವೇದಿಕೆಯ ಬದಿಯಲ್ಲಿ ಒಂದು ಸ್ಟೂಲು ಅವನದು. ನಮ್ಮ ಕೋಣೆಯ ಗೋಡೆಯುದ್ದಕ್ಕೂ ಆ ಕ್ಯಾಸೆಟ್‌ಗಳು ನಿಂತವು. ಧೂಳು ಹೊಡೆಯುವುದು ಮಾತ್ರ ನನ್ನ ಪಾಲಿಗೆ ಬಂತು.

ತಂಡ ಒಡೆದು ಹದಿನೈದು ವರ್ಷವಾದ ಮೇಲೆ ಉದ್ದಣ್ಣ ಹಾಸಿಗೆ ಹಿಡಿದ. ಮರದ ಹುಡಿ ಕುಡಿದ ಶ್ವಾಸಕೋಶ. ಎಡಗೈ ಬೆರಳುಗಳು ಅದಕ್ಕೂ ಮೊದಲೇ ಮುಷ್ಟಿ ಕಟ್ಟಿಕೊಂಡು ಬಿಚ್ಚದೆ ಹೋಗಿದ್ದವು. ನಾವಿಬ್ಬರೂ ನೋಡಲು ಹೋದೆವು. ಅವನ ಹೆಂಡತಿ ಎರಡು ದಿಂಬು ಕೊಟ್ಟು ಒರಗಿಸಿ ಕೂರಿಸಿದ್ದರು. ಅದೂ ಇದೂ ಮಾತಾದ ಮೇಲೆ ಉದ್ದಣ್ಣ ಗೋಡೆಯ ಕಡೆ ನೋಡುತ್ತ ಅಂದ:

"ಒಂದು ಕೇಳ್ತೀನಿ, ನಗಬೇಡ. ನಾನು ಚೆನ್ನಾಗಿ ನುಡಿಸ್ತಿದ್ನೇನೋ?"

"ಏನೋ ಹಂಗಂದ್ರೆ?" ಅಂದ ಅಣ್ಣ.

"ವೇದಿಕೆ ಮೇಲೆ ನಂಗೆ ಕೇಳಿಸ್ತಿದ್ದದ್ದು ಬರೀ ಟ್ರಂಪೆಟ್ಟು. ನನ್ನ ವಾದ್ಯದ್ದು ಹೊಟ್ಟೆಗೆ ಗೊತ್ತಾಗ್ತಿತ್ತೇ ಹೊರತು ಕಿವಿಗೆ ಗೊತ್ತಾಗ್ತಿರ್ಲಿಲ್ಲ. ಹನ್ನೊಂದು ವರ್ಷ ಬಾರಿಸಿದೀನಿ, ಒಂದು ಸಲಾನೂ ಕೇಳಿಲ್ಲ. ಒಂದೇ ಒಂದು ಸರದಿ ಕೇಳ್ಬೇಕು. ಕೇಳಿದ್ರೆ ನಂಗೇ ಗೊತ್ತಾಗುತ್ತೆ."

ಉಳಿದವರು ಕಾಡಿ ಬೇಡಿ ಅಣ್ಣನಿಂದ ಪ್ರತಿ ಮಾಡಿಸಿಕೊಂಡು ಹೋಗಿದ್ದರು. ಉದ್ದಣ್ಣ ಒಬ್ಬ ಬಾಯಿಬಿಟ್ಟು ಕೇಳಿರಲಿಲ್ಲ. ಅವನು ಕೇಳುವ ಜಾತಿಯವನೇ ಅಲ್ಲ. ಇಡೀ ಕಾರ್ಯಕ್ರಮದಲ್ಲಿ ಅವನಿಗಿದ್ದದ್ದು ಒಂದೇ ಸರದಿ, ನಾಲ್ಕನೇ ಹಾಡಿನಲ್ಲಿ, ಎರಡು ನಿಮಿಷ. ಅದು ಸಾಕು ಅಂತ ಅವನೇ ಹೇಳಿದ್ದನಂತೆ.

"ಅಯ್ಯೋ, ಅಷ್ಟೇನಾ! ಎಲ್ಲಾ ಇದೆ ಕಣೋ ನನ್ನ ಹತ್ರ. ಒಂದಲ್ಲ, ನೂರೆಂಬತ್ತು ಸರದಿ ಕೇಳಿಸ್ತೀನಿ. ಬೇಡ ಬೇಡ ಅನ್ಬೇಕು ನೀನು" ಅಂದ ಅಣ್ಣ. ಉದ್ದಣ್ಣನ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನನ್ನ ಅಣ್ಣನ ಬಗ್ಗೆ ನನಗೂ ಅವತ್ತು ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಮನೆಗೆ ಬಂದವನೇ ಮೊದಲು ಸಿಕ್ಕಿದ ಕ್ಯಾಸೆಟ್ ಹಾಕಿದ. ನಾಲ್ಕನೇ ಹಾಡು ಬಂತು. ಟ್ರಂಪೆಟ್ ಸರದಿ ಆಯಿತು, ಸ್ಯಾಕ್ಸೋಫೋನ್ ಆಯಿತು, ಪಿಯಾನೋ ಆಯಿತು. ಆಮೇಲೆ 'ಟಕ್' ಅಂತ ಒಂದು ಸದ್ದು. ಕ್ಯಾಸೆಟ್ ತಿರುಗಿಸಿ ಹಾಕಿದರೆ ಆ ಬದಿ ಶುರುವಾಗುವುದು ಡ್ರಮ್ಮಿನಿಂದ. ಇನ್ನೊಂದು ಹಾಕಿದ. ಪಿಯಾನೋ, ಟಕ್, ಡ್ರಮ್. ಐದನೆಯದು, ಹತ್ತನೆಯದು, ಇಪ್ಪತ್ತನೆಯದು. ಅಣ್ಣ ಕ್ಯಾಸೆಟ್ ಹಾಕುತ್ತಿದ್ದ, ತೆಗೆಯುತ್ತಿದ್ದ. ನಾನು ಮಾಡಿಟ್ಟ ಕಾಫಿ ಕೆನೆಗಟ್ಟಿತು.

"ಏನಾಯ್ತೋ ಅಣ್ಣ?"

"ಅರ್ಧ ಗಂಟೆಗೆ ಒಂದು ಬದಿ ಮುಗಿಯುತ್ತೆ" ಅಂದ, ಕೈಯಲ್ಲಿದ್ದ ಕ್ಯಾಸೆಟ್ಟಿಗೆ ಹೇಳುವವನ ಹಾಗೆ. "ನಾಲ್ಕನೇ ಹಾಡಿನ ಹೊತ್ತಿಗೆ ತಿರುಗಿಸ್ಲೇಬೇಕು. ಟ್ರಂಪೆಟ್ ಮಧ್ಯೆ ತಿರುಗಿಸೋಕಾಗುತ್ತಾ? ಅದಕ್ಕೆ ಉದ್ದಣ್ಣನ ಸರದಿ ಬಂದಾಗ ತಿರುಗಿಸ್ತಿದ್ದೆ. ಮೆತ್ತಗಿರುತ್ತಲ್ಲ, ಯಾರಿಗೂ ತಿಳಿಯಲ್ಲ."

"ತಿರುಗಿಸೋಕೆ ಎರಡು ನಿಮಿಷ ಬೇಕಾ?"

"ಟೇಪ್ ತಾಗೋ ಹೆಡ್ ಒರೆಸ್ತಿದ್ದೆ, ಹತ್ತಿಯಲ್ಲಿ ಸ್ಪಿರಿಟ್ ಹಾಕಿ. ಲೇಬಲ್ ಬರೀತಿದ್ದೆ. ನೀರು ಕುಡೀತಿದ್ದೆ." ಕ್ಯಾಸೆಟ್ ಕೆಳಗಿಟ್ಟು, "ಅದು ನನ್ನ ವಿರಾಮ" ಅಂದ.

ದೀಪದ ಬುಡದಲ್ಲಿ ಕತ್ತಲೆ ಅನ್ನುವುದನ್ನು ನಾನು ಕಣ್ಣಾರೆ ಕಂಡದ್ದು ಅವತ್ತು. ನನಗೆ ಎಷ್ಟು ಸಿಟ್ಟು ಬಂತೆಂದರೆ, ಧೂಳು ಹೊಡೆಯುವ ಬಟ್ಟೆಯನ್ನು ಅವನ ಮುಖದ ಮೇಲೆ ಎಸೆಯಬೇಕು ಅನ್ನಿಸಿತು. ಆದರೆ ಆ ಮುಖ ಆಗಲೇ ಏಟು ತಿಂದ ಹಾಗಿತ್ತು. ಬೇರೆ ಹಾಡುಗಳಲ್ಲಿ ಉದ್ದಣ್ಣ ಇಲ್ಲವೇ ಅಂದೆ. ಇದ್ದಾನೆ, ಗೋಡೆಯಾಚೆ ಯಾರೋ ಓಡಾಡಿದ ಹಾಗೆ. ಮೈಕಿನ ಮುಖ ಯಾವತ್ತೂ ಟ್ರಂಪೆಟ್ ಕಡೆಗೇ ಇತ್ತು.

ಮರುದಿನ ಉದ್ದಣ್ಣನ ಹೆಂಡತಿ ಪಕ್ಕದ ಅಂಗಡಿಯಿಂದ ಫೋನ್ ಮಾಡಿ, "ಯಾವತ್ತು ಬರ್ತೀರಾ? ಬೆಳಿಗ್ಗೆಯಿಂದ ಎರಡು ಸಲ ಕೇಳಿದ್ರು" ಅಂದರು. ಅಣ್ಣ ಫೋನ್ ನನ್ನ ಕೈಗೆ ಕೊಟ್ಟ. ನಾನು, "ಹಳೇ ಕ್ಯಾಸೆಟ್ ಅಲ್ವಾ ಅತ್ತಿಗೆ, ಸ್ವಚ್ಛ ಮಾಡ್ತಿದಾನೆ" ಅಂದೆ. ಮೂವತ್ತೊಂದು ವರ್ಷ ಕಚೇರಿಯಲ್ಲಿ ಸಾಹೇಬರ ಪರವಾಗಿ ಸುಳ್ಳು ಹೇಳಿದ ಅನುಭವ, ಸಲೀಸಾಗಿ ಬಂತು.

ಹುಡುಕಾಟ ಹೀಗೆ ಶುರುವಾಯಿತು. ಅಣ್ಣನ ಕ್ಯಾಸೆಟ್‌ನಲ್ಲಿಲ್ಲದ ಸರದಿ ಬೇರೆ ಯಾರದಾದರೂ ಟೇಪಿನಲ್ಲಿ ಇರಬೇಕು. ಅದನ್ನು ಹುಡುಕಬೇಕಾದರೆ ತಂಡ ಯಾವ ದಿನ, ಯಾವ ಊರಿನ ಯಾವ ಸಭಾಂಗಣದಲ್ಲಿ ನುಡಿಸಿತ್ತು ಅನ್ನುವುದು ಮೊದಲು ಗೊತ್ತಾಗಬೇಕು. ಅಣ್ಣನ ಲೇಬಲ್‌ಗಳನ್ನು ನೋಡಬೇಕು ನೀವು. 'ಮಳೆ, ಜನ ಕಡಿಮೆ.' 'ಟ್ರಂಪೆಟ್ ಅದ್ಭುತ.' 'ಸೊಳ್ಳೆ.' ತಾರೀಕು ಉಂಟು, ಊರಿಲ್ಲ. "ಯಾವ ಊರಿನ ಸೊಳ್ಳೆಯೋ?" ಅಂದರೆ ತಲೆ ಕೆರೆದುಕೊಂಡ.

ಕೊನೆಗೆ ನಾನೇ ಕೂತೆ. ಹಳೇ ಕ್ಯಾಲೆಂಡರ್‌ಗಳ ಹಿಂಬದಿಯಲ್ಲಿ ಗೆರೆ ಎಳೆದು ತಾರೀಕು, ಊರು, ಸಭಾಂಗಣ, ಟೇಪ್ ಅಂತ ನಾಲ್ಕು ಕಾಲಮ್ಮು ಮಾಡಿದೆ. ವ್ಯಾನ್ ಓಡಿಸುತ್ತಿದ್ದ ಚಾಲಕರು ನಿಯತ್ತಿನ ಮನುಷ್ಯ, ಹೋದ ಊರು ಮತ್ತು ಮೀಟರಿನ ಅಂಕಿ ಬರೆದಿಟ್ಟ ನೋಟ್‌ಬುಕ್‌ಗಳು ಅವರ ಅಟ್ಟದಲ್ಲಿದ್ದವು. ಮೊದಲ ಮೂರು ವರ್ಷದ್ದನ್ನು ಇಲಿ ಓದಿ ಮುಗಿಸಿತ್ತು. ಆ ಮೂರು ವರ್ಷದ್ದಕ್ಕೂ, ಉಳಿದದ್ದನ್ನು ತಾಳೆ ನೋಡುವುದಕ್ಕೂ ನಾನು ಗ್ರಂಥಾಲಯದಲ್ಲಿ ಹಳೇ ಪತ್ರಿಕೆಗಳ 'ಇಂದಿನ ಕಾರ್ಯಕ್ರಮ' ಅನ್ನುವ ಅಂಕಣ ಹುಡುಕಿದೆ. ಪತ್ರಿಕೆ ನುಡಿಸಿದ್ದಾರೆ ಅನ್ನುತ್ತದೆ, ನೋಟ್‌ಬುಕ್ ವ್ಯಾನ್ ಗ್ಯಾರೇಜಿನಲ್ಲಿತ್ತು ಅನ್ನುತ್ತದೆ. ಒಂದು ದಿನ ತಂಡ ಎರಡು ಊರಿನಲ್ಲಿ ಏಕಕಾಲಕ್ಕೆ ನುಡಿಸಿದೆ. ಟ್ರಂಪೆಟ್‌ನವರಿಗೆ ಫೋನ್ ಮಾಡಿದರೆ, ತಾವು ಊದಿದ ಒಂದೊಂದು ಸ್ವರವೂ ಅವರಿಗೆ ನೆನಪಿದೆ, ಊರು ಮಾತ್ರ ನೆನಪಿಲ್ಲ.

ಒಂದು ತಿಂಗಳಲ್ಲಿ ಗೋಡೆ ತುಂಬ ಪಟ್ಟಿಯಾಯಿತು. ಪಟ್ಟಿ ನೋಡಿ ನಲವತ್ತಾರು ಕಾಗದ ಟೈಪ್ ಮಾಡಿದೆ, ಸಭಾಂಗಣಗಳಿಗೆ, ಕ್ಲಬ್ಬುಗಳಿಗೆ, ಹೋಟೆಲುಗಳಿಗೆ. ಒಂಬತ್ತು ಉತ್ತರ ಬಂದವು. ಒಂದು ಸಭಾಂಗಣ ಈಗ ಚಪ್ಪಲಿ ಅಂಗಡಿ. ಒಂದು ರೇಡಿಯೋ ಕೇಂದ್ರದವರು ಬಹಳ ವಿನಯದಿಂದ, ಆ ಕಾರ್ಯಕ್ರಮವನ್ನು ನಾವು ಪೂರ್ತಿ ಮುದ್ರಿಸಿಕೊಂಡಿದ್ದು ನಿಜ, ಮರುವರ್ಷ ಅದೇ ಟೇಪಿನ ಮೇಲೆ ತರಕಾರಿ ಧಾರಣೆ ಮುದ್ರಿಸಿದ್ದೇವೆ ಅಂತ ಬರೆದಿದ್ದರು. ಇನ್ನು ಅಣ್ಣನೇ ಮೂರು ಸಲ ಉದ್ದನೆಯ ಕ್ಯಾಸೆಟ್ ಬಳಸಿದ್ದ, ಅದರಲ್ಲಿ ಒಂದು ಬದಿಗೆ ಮುಕ್ಕಾಲು ಗಂಟೆ ಹಿಡಿಸುತ್ತದೆ, ತಿರುಗಿಸುವ ಅಗತ್ಯವೇ ಇಲ್ಲ. ಓಡಿಹೋಗಿ ಹಾಕಿ ನೋಡಿದ. ಉದ್ದಣ್ಣನ ಸರದಿ ಬರುತ್ತಿದ್ದ ಹಾಗೆ ನಿಲ್ಲಿಸಿ ಹೆಡ್ ಒರೆಸಿದ್ದ. ಅಭ್ಯಾಸ.

ಅಷ್ಟರಲ್ಲಿ ಉದ್ದಣ್ಣನ ಮನೆಗೆ ಆಮ್ಲಜನಕದ ಸಿಲಿಂಡರ್ ಬಂತು. ಅವನ ಹೆಂಡತಿ ಫೋನ್ ಮಾಡುವುದನ್ನು ನಿಲ್ಲಿಸಿದರು. ಅವರು ಮಾಡುತ್ತಿದ್ದಾಗ ಹಿಂಸೆಯಾಗುತ್ತಿತ್ತು, ನಿಲ್ಲಿಸಿದ ಮೇಲೆ ಇನ್ನೂ ಹೆಚ್ಚಾಯಿತು. "ಹೋಗಿ ನಿಜ ಹೇಳ್ಬಿಡೋ" ಅಂದೆ. "ಏನಂತ? ನೀನು ನುಡಿಸೋವಾಗ ನಾನು ನೀರು ಕುಡೀತಿದ್ದೆ ಅಂತಾನಾ?" ಅಂದ. 

ಒಂದು ದಿನ ಪಟ್ಟಿಯ ಮುಂದೆ ನಿಂತಿದ್ದ ಅಣ್ಣ ಒಂದು ಸಾಲಿನ ಮೇಲೆ ಬೆರಳಿಟ್ಟ. ಕಾಗದ ಕಾರ್ಖಾನೆಯ ಊರು, ಕಾರ್ಮಿಕರ ಕ್ಲಬ್. ವ್ಯಾನ್ ಹೋಗಿದೆ, ಪತ್ರಿಕೆಯಲ್ಲೂ ಇದೆ, ನಮ್ಮ ಗೋಡೆಯಲ್ಲಿ ಕ್ಯಾಸೆಟ್ ಇಲ್ಲ.

"ಅವತ್ತು ನನ್ನ ಮಿಷಿನ್ನಿನ ಬೆಲ್ಟ್ ಹರಿದಿತ್ತು" ಅಂದ. "ಕ್ಲಬ್ಬಿನವರದ್ದೇ ಒಂದು ದೊಡ್ಡ ಸ್ಪೂಲ್ ಮಿಷಿನ್ ಇತ್ತು, ಚಕ್ರಕ್ಕೆ ಟೇಪ್ ಸುತ್ತಿರುತ್ತಲ್ಲ, ಅದು. ಅವರ ಆಪರೇಟರೇ ರೆಕಾರ್ಡ್ ಮಾಡಿದ್ರು. ಸ್ಪೂಲು ಒಂದು ಗಂಟೆ ಓಡುತ್ತೆ ಕಣೇ. ಅದನ್ನ ಯಾರೂ ತಿರುಗಿಸಲ್ಲ!"

ಅವನ ಧ್ವನಿಯಲ್ಲಿ ಅಂಥ ಉಮೇದು ನಾನು ವರ್ಷಗಳಿಂದ ಕೇಳಿರಲಿಲ್ಲ. ಮರುದಿನ ಮೊದಲ ಬಸ್ಸಿಗೆ ಹೊರಟೆವು. ನಾಲ್ಕು ಗಂಟೆಯ ದಾರಿ. ಕಾರ್ಖಾನೆ ಮುಚ್ಚಿ, ಕ್ಲಬ್ಬಿನ ಬಾಗಿಲಿಗೆ ತುಕ್ಕಿನ ಬೀಗ ಬಿದ್ದಿತ್ತು. ಆಪರೇಟರ್ ಯಾರು, ಎಲ್ಲಿದ್ದಾರೆ ಅಂತ ಕಂಡಕಂಡವರನ್ನು ಕೇಳುತ್ತ ಹೋದೆವು. ಸೈಕಲ್ ರಿಪೇರಿಯವರೊಬ್ಬರು ಕೈ ತೋರಿಸಿದರು. ಆಪರೇಟರು ಮುದುಕರಾಗಿದ್ದರು, ಆದರೆ ಅಣ್ಣನ ಗುರುತು ಹಿಡಿದರು. ಮಂಚದ ಕೆಳಗಿನಿಂದ ಬಿಸ್ಕತ್ತಿನ ಡಬ್ಬಿ ಎಳೆದು, ಅದರಿಂದ ಸ್ಪೂಲ್ ತೆಗೆದು ಕೊಟ್ಟರು.

"ನಿಮ್ಮಿಂದ ಅವತ್ತು ಎಷ್ಟು ಕಲ್ತೆ ಸ್ವಾಮಿ ನಾನು! ಪಕ್ಕದಲ್ಲೇ ಕೂತು ಮಿಷಿನ್ ಬಗ್ಗೆ ಎಲ್ಲಾ ಬಿಡಿಸಿ ಹೇಳಿದ್ರಿ" ಅಂದರು. ಅಣ್ಣ ನಕ್ಕು ಕೈ ಮುಗಿದ. ಅವರು ಹೇಳಿದ್ದರ ಅರ್ಥ ನಮಗೆ ಆಗ ಹೊಳೆಯಲಿಲ್ಲ.

ಬಸ್ಸಿನಲ್ಲೇ ಕೂತು ಅಣ್ಣ, ಉದ್ದಣ್ಣನ ಮನೆಗೆ ನಾಳೆಯೇ ಹೋಗೋಣ ಅಂದ. ನಿಲ್ದಾಣದಲ್ಲಿ ಇಳಿದ ತಕ್ಷಣ ಅವರ ಪಕ್ಕದ ಅಂಗಡಿಗೆ ಫೋನ್ ಮಾಡಿ, ಉದ್ದಣ್ಣನ ಹೆಂಡತಿಯನ್ನು ಕರೆಸಿ, "ಸಿಕ್ತು ಅಂತ ಹೇಳಿ ಅವನಿಗೆ" ಅಂದೂಬಿಟ್ಟ. ಒಮ್ಮೆ ಹಾಕಿ ಕೇಳಿ ಆಮೇಲೆ ಹೇಳಬಾರದಿತ್ತೇ ಅಂತ ಈಗ ಅನ್ನಬಹುದು. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ.

ಅದೇ ದಿನ, ಬುಧವಾರ ರಾತ್ರಿ, ಅಂಗಡಿಯ ಬಾಗಿಲು ಅರ್ಧ ಎಳೆದು, ಗಿರಾಕಿಯೊಬ್ಬರು ರಿಪೇರಿಗೆ ಕೊಟ್ಟು ಮರೆತಿದ್ದ ಸ್ಪೂಲ್ ಮಿಷಿನ್ನಿಗೆ ಟೇಪ್ ಏರಿಸಿದ. ನಾಲ್ಕನೇ ಹಾಡು. ಟ್ರಂಪೆಟ್ ಆಯಿತು, ಸ್ಯಾಕ್ಸೋಫೋನ್ ಆಯಿತು, ಪಿಯಾನೋ ಆಯಿತು. ಟಕ್ ಅನ್ನಲಿಲ್ಲ. ದಪ್ಪ ತಂತಿಯ ಸದ್ದು ಒಂದೊಂದೇ ಹೆಜ್ಜೆಯಿಟ್ಟು ಬಂತು. ಅಣ್ಣ ನನ್ನ ಕೈ ಹಿಡಿದುಕೊಂಡ.

ಆಗ ಟೇಪಿನಲ್ಲಿ, ಕಿವಿಯ ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟವಾಗಿ, ಅಣ್ಣನ ದನಿ ಬಂತು.

"ಹಾಂ, ಈಗ ಮುಖ್ಯವಾದ್ದೇನೂ ಇಲ್ಲ. ಎರಡು ನಿಮಿಷ ಆರಾಮಾಗಿ ಕೂತ್ಕೊಳ್ಳಿ. ಅಲ್ಲ ಸ್ವಾಮಿ, ಈ ಊರಲ್ಲಿ ಬೆಲ್ಟ್ ಎಲ್ಲಿ ಸಿಗುತ್ತೆ?"

ಆಮೇಲೆ ಅವನು ಬಾಯಿ ಮುಚ್ಚಲೇ ಇಲ್ಲ. ಬೆಲ್ಟ್ ಹೇಗೆ ಹರಿಯುತ್ತದೆ, ಮೋಟರ್ ಯಾಕೆ ಬಿಸಿಯಾಗುತ್ತದೆ, ಯಾವ ಎಣ್ಣೆ ಬಿಡಬಾರದು. ಕ್ಲಬ್ಬಿನ ಮೈಕಿನ ವೈರು ಗಿಡ್ಡ, ಹಾಗಾಗಿ ಮೈಕು ಮಿಷಿನ್ನಿನ ಪಕ್ಕದ ಮೇಜಿನ ಮೇಲೆ, ಅವನ ಬಾಯಿಯ ಮುಂದೆಯೇ ಇತ್ತು. ಅವನ ಮಾತಿನ ಹಿಂದೆ, ದೂರದಲ್ಲಿ, ಉದ್ದಣ್ಣ ನುಡಿಸುತ್ತಿದ್ದ. ಅಣ್ಣ ಉಸಿರೆಳೆದುಕೊಳ್ಳುವ ಕಡೆ ಮಾತ್ರ ಅದು ಹೊರಗೆ ಬರುತ್ತಿತ್ತು. ಪೂರ್ತಿ ಎರಡು ನಿಮಿಷ. ಕೊನೆಗೆ ನಾಲ್ಕು ಜನರ ಚಪ್ಪಾಳೆ, ಡ್ರಮ್ಮು, ಟ್ರಂಪೆಟ್ ಏಳುವ ಸದ್ದು, ಅದರ ಮೇಲೆ ಅಣ್ಣನ ದನಿ: "ಶ್, ಶ್! ಸುಮ್ನಿರಿ, ಶುರುವಾಯ್ತು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಹೋಗುವುದಿಲ್ಲ. ಯಾರದೋ ಮಂಚದ ಕೆಳಗೆ ಬಿಸ್ಕತ್ತಿನ ಡಬ್ಬಿಯಲ್ಲಿ ಕಾದು ಕೂತಿರುತ್ತದೆ. ನನ್ನ ಅಣ್ಣ ಆ ಮಿಷಿನ್ನಿನ ಮುಂದೆ ಕೂತು, ಅರವತ್ತೆಂಟು ವರ್ಷದ ಗಂಡಸು, ಬಿಕ್ಕಿ ಬಿಕ್ಕಿ ಅತ್ತ. ನಾನು ಬೈಯಬೇಕು ಅಂತಿದ್ದವಳು ಅವನ ಬೆನ್ನು ಸವರಿದೆ. ಬೇರೆ ಏನು ಮಾಡಬೇಕೋ ಗೊತ್ತಾಗಲಿಲ್ಲ.

ಗುರುವಾರ ಬರುತ್ತೇವೆ ಅಂದವರು ಒಂದು ದಿನ ಮುಂದೆ ಹಾಕಿದೆವು. ಇಡೀ ಗುರುವಾರ ಅಣ್ಣ ಅಂಗಡಿಯಲ್ಲಿದ್ದ ತಿರುಪುಗಳನ್ನೆಲ್ಲ ತಿರುಗಿಸಿದ. ಅವನ ದನಿ ಇಳಿಸಿದರೆ ತಂತಿಯೂ ಇಳಿಯುತ್ತದೆ. ತಂತಿ ಏರಿಸಿದರೆ ಅವನೂ ಜೊತೆಗೆ ಏರುತ್ತಾನೆ. ಮಾತಿದ್ದಷ್ಟು ಕತ್ತರಿಸಿ ತೆಗೆದರೆ ಉಳಿಯುವುದು ಅವನು ಉಸಿರೆಳೆದುಕೊಂಡ ತುಣುಕುಗಳು ಮಾತ್ರ.

"ಕೊಡಬೇಡ, ಸುಟ್ಟುಹೋಯ್ತು ಅನ್ನು" ಅಂದೆ.

"ಸಿಕ್ತು ಅಂತ ಹೇಳಿಬಿಟ್ಟಿದೀನಿ. ಕಾಯ್ತಾ ಕೂತಿರ್ತಾನೆ."

"ಹಾಗಾದ್ರೆ ದನಿ ಯಾರದು ಅಂದ್ರೆ ಕ್ಲಬ್ಬಿನವರದ್ದು ಅನ್ನೋಣ. ನಾನು ಹೇಳ್ತೀನಿ. ನೀನು ಬಾಯಿಬಿಡಬೇಡ." ಅವನು ಸ್ಪೂಲನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ.

ಶುಕ್ರವಾರ ಬೆಳಿಗ್ಗೆ ಆ ದೊಡ್ಡ ಮಿಷಿನ್ನನ್ನು ಆಟೋದಲ್ಲಿ ಹಾಕಿಕೊಂಡು ಹೋದೆವು. ಉದ್ದಣ್ಣ ಗಡ್ಡ ಹೆರೆಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದ. ಮೂಗಿನಲ್ಲಿ ನಳಿಕೆ. ಸಿಲಿಂಡರಿನ ಸದ್ದು ಅಡ್ಡ ಬರಬಾರದು ಅಂತ ಅದನ್ನು ಐದು ನಿಮಿಷ ನಿಲ್ಲಿಸು ಅಂತ ಹೆಂಡತಿಗೆ ಸನ್ನೆ ಮಾಡಿದ. ಅವರು ಒಪ್ಪಲಿಲ್ಲ. ಅವನೇ ನಳಿಕೆ ತೆಗೆದು ಪಕ್ಕಕ್ಕಿಟ್ಟ.

ಅಣ್ಣ ಟೇಪ್ ಹಚ್ಚಿದ. ಪಿಯಾನೋ ಮುಗಿಯಿತು, ತಂತಿ ಬಂತು. ಉದ್ದಣ್ಣನ ಮುಖ ಮುಂದಕ್ಕೆ ಬಂತು. "ಹಾಂ, ಈಗ ಮುಖ್ಯವಾದ್ದೇನೂ ಇಲ್ಲ" ಅಂದಿತು ಟೇಪು. ನಾನು ನೆಲ ನೋಡಿದೆ. ಬೆಲ್ಟಾಯಿತು, ಮೋಟರಾಯಿತು, ಎಣ್ಣೆಯಾಯಿತು. ಅಷ್ಟು ಉದ್ದದ ಎರಡು ನಿಮಿಷವನ್ನು ನಾನು ಕಂಡಿಲ್ಲ. ಉದ್ದಣ್ಣ ಮಾತ್ರ ಕಣ್ಣು ಮುಚ್ಚಿಕೊಂಡು, ಸಂತೆಯ ಗದ್ದಲದಲ್ಲಿ ಯಾರೋ ತನ್ನನ್ನು ಕರೆದ ಹಾಗೆ ಕೇಳಿಸಿಕೊಳ್ಳುತ್ತಿದ್ದ. ಮಡಚಿದ ಎಡಗೈ ಹೊದಿಕೆಯ ಮೇಲೆ ಒಂದೆರಡು ಸಲ ಅಲುಗಿತು. "ಶ್, ಶ್! ಸುಮ್ನಿರಿ, ಶುರುವಾಯ್ತು" ಅಂದ ಮೇಲೆ ಅಣ್ಣ ಮಿಷಿನ್ ನಿಲ್ಲಿಸಿದ.

ಹೆಂಡತಿ ನಳಿಕೆ ಮತ್ತೆ ಸಿಕ್ಕಿಸಿದರು. ಉದ್ದಣ್ಣ ಸುಧಾರಿಸಿಕೊಳ್ಳಲು ಸಮಯ ತೆಗೆದುಕೊಂಡ.

"ಮಧ್ಯೆ ಮಾತಾಡ್ತಿರೋದು..." ಅಂದ.

"ಕ್ಲಬ್ಬಿನ..." ಅಂತ ನಾನು ಬಾಯಿ ತೆರೆದೆ.

"ನಾನೇ ಕಣೋ" ಅಂದ ಅಣ್ಣ.

"ಗೊತ್ತಾಯ್ತು. ನಿನ್ನ ದನಿ ನಂಗೊತ್ತಿಲ್ವಾ?" ಅಂದ ಉದ್ದಣ್ಣ. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿಯಿತ್ತು. "ಉಳಿದ ಕ್ಯಾಸೆಟ್ಟುಗಳಲ್ಲಿ?"

ಅಣ್ಣ ಇಲ್ಲ ಅನ್ನುವಂತೆ ತಲೆಯಾಡಿಸಿದ.

"ಒಂದರಲ್ಲೂ?"

"ಒಂದರಲ್ಲೂ ಇಲ್ಲ."

ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಉದ್ದಣ್ಣನ ಹೆಂಡತಿ ಎದ್ದುಹೋಗಿ ಅದನ್ನು ಬಿಗಿ ಮಾಡಿದರು, ಆದರೆ ತಕ್ಷಣ ವಾಪಸು ಬರಲಿಲ್ಲ. ಅಣ್ಣ ಮಂಚದ ಅಂಚಿನಲ್ಲಿ ಕೂತು ಉದ್ದಣ್ಣನ ಮುಷ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಚೆನ್ನಾಗಿ ನುಡಿಸಿದೀಯ ಕಣೋ. ನನ್ನಾಣೆ. ಬಹಳ ಚೆನ್ನಾಗಿ ನುಡಿಸಿದೀಯ."

ಉದ್ದಣ್ಣ ಅವನನ್ನೇ ನೋಡಿದ. ಕೊಂಕು ಇರಲಿಲ್ಲ ಆ ನೋಟದಲ್ಲಿ. ತಿಳಿದುಕೊಳ್ಳಬೇಕು ಅನ್ನುವ ಆಸೆಯಿಂದಲೇ ಕೇಳಿದ:

"ನೀನು ಯಾವಾಗ ಕೇಳಿದೆ?"

ಅಣ್ಣ ಸುಳ್ಳು ಹೇಳಬಹುದಿತ್ತು. ಹೇಳಲಿ ಅಂತ ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಮೊನ್ನೆ" ಅಂದ. "ಬುಧವಾರ."